ಅಸ್ತಮಾಕ್ಕೆ ಬಯಾಲಜಿಕ್ ಇಂಜೆಕ್ಷನ್: ಮೊದಲ ಡೋಸ್‌ಗೂ ಮುಂಚೆ ಏನು ಮಾಡಬೇಕು, ಆಮೇಲೆ ಏನು ನೋಡಬೇಕು

ಬಯಾಲಜಿಕ್ ಅಂದರೆ ಊತ ಹುಟ್ಟಿಸುವ ದಾರಿಗಳಲ್ಲಿ ಒಂದನ್ನು ಮಾತ್ರ ಗುರಿಯಿಟ್ಟು ತಡೆಯುವ ಇಂಜೆಕ್ಷನ್ ಔಷಧ. ಅದು ನಿಮಗೆ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಅರ್ಧದಷ್ಟು ತೀರ್ಮಾನವಾಗುವುದು ಮೊದಲ ಡೋಸ್ ಹಾಕುವುದಕ್ಕೂ ಮುಂಚೆ. ಸುಮ್ನೆ ಹೇಳುತ್ತಿಲ್ಲ. ಮೆಪೋಲಿಜುಮ್ಯಾಬ್ ಅನ್ನುವ ಬಯಾಲಜಿಕ್ ಔಷಧವನ್ನು ಮೊದಮೊದಲು ಅಸ್ತಮಾ ಇದ್ದವರನ್ನು ಹೆಚ್ಚು ಸೋಸಿ ನೋಡದೆ ಕೊಟ್ಟು ಪರೀಕ್ಷೆ ಮಾಡಿದರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆ ಔಷಧದ ಕಥೆ ಅಲ್ಲಿಗೇ ಮುಗಿಯಬಹುದಿತ್ತು. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ತಂಡಗಳು ಅದೇ ಔಷಧವನ್ನು ಬೇರೆ ರೀತಿ ಪರೀಕ್ಷಿಸಿದವು. ಇಯೊಸಿನೊಫಿಲ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣ ಜಾಸ್ತಿ ಇದ್ದವರನ್ನೇ ಆರಿಸಿಕೊಂಡವು. ಒಂದು ಕಡೆ ಪದೇ ಪದೇ ಅಟ್ಯಾಕ್ ಆಗುತ್ತಿದ್ದವರು, ಇನ್ನೊಂದು ಕಡೆ ಸ್ಟೀರಾಯ್ಡ್ ಮಾತ್ರೆ ಬಿಡಲಾಗದವರು. ಈ ಸಲ ಅಟ್ಯಾಕ್ ಕಮ್ಮಿಯಾಯಿತು, ಮಾತ್ರೆ ಇಳಿಸಲೂ ಆಯಿತು. ಔಷಧ ಅದೇ, ಜನ ಬೇರೆ.

ನಾನು ಡಾಕ್ಟರ್ ಅಲ್ಲ. ನಮ್ಮ ಅಕ್ಕ ಇದೇ ಔಷಧದ ಮೇಲಿದ್ದಾಳೆ. ಅವಳ ಫೈಲ್ ಹಿಡಿದು ಓಡಾಡುವ ಕೆಲಸ ನನ್ನದು. ಓಪಿಡಿ ಕ್ಯೂನಲ್ಲಿ ಸಿಗುವವರೆಲ್ಲ ಕೇಳುವ ಪ್ರಶ್ನೆಗಳು ಒಂದೇ ಥರ ಇರುತ್ತವೆ. ಹಾಗಾಗಿ ಒಂದರ ನಂತರ ಒಂದು ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಡೋಸ್, ಔಷಧದ ಆಯ್ಕೆ ಎಲ್ಲ ನಿಮ್ಮ ಡಾಕ್ಟರ್ ಕೈಯಲ್ಲೇ ಇರಲಿ. ಅವರ ಮುಂದೆ ಕೂತಾಗ ಏನು ಕೇಳಬೇಕು, ಏನು ತೋರಿಸಬೇಕು ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಹೆಜ್ಜೆ 1: ದಮ್ಮು ನಿಲ್ಲದಿರಲು ಬೇರೆ ಕಾರಣ ಇದೆಯಾ ನೋಡಿ

ಪಂಪ್ ಎಳೆದರೂ ದಮ್ಮು ಕಮ್ಮಿಯಾಗುತ್ತಿಲ್ಲ ಅನ್ನುವವರಲ್ಲಿ ತುಂಬಾ ಜನರಿಗೆ ಬಯಾಲಜಿಕ್ ಬೇಕೇ ಆಗುವುದಿಲ್ಲ. ಪಂಪ್ ಎಳೆಯುವ ರೀತಿ ಸರಿ ಇರುವುದಿಲ್ಲ, ಅಷ್ಟೆ. ಒತ್ತುವ ಪಂಪ್ ಆದರೆ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ನಿಧಾನವಾಗಿ ಉದ್ದಕ್ಕೆ ಎಳೆಯಬೇಕು, ಸುಮಾರು 10 ಸೆಕೆಂಡ್ ಹಿಡಿಯಬೇಕು. ಪಂಪಿಗೆ ಜೋಡಿಸುವ ಸ್ಪೇಸರ್ ಕೊಳವೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. ರೋಟಾಹೇಲರ್ ಥರ ಪುಡಿಯ ಪಂಪ್ ಆದರೆ ಉಲ್ಟಾ, ಜೋರಾಗಿ ರಭಸದಿಂದ ಎಳೆಯಬೇಕು. ಎರಡನ್ನೂ ಒಂದೇ ಥರ ಎಳೆಯುವವರು ಜಾಸ್ತಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಿಮ್ಮದೇ ಪಂಪ್ ತೆಗೆದುಕೊಂಡು ಹೋಗಿ, ನರ್ಸ್ ಎದುರು ಎಳೆದು ತೋರಿಸಿ. ಇದಕ್ಕೆ ನಾಚಿಕೆ ಬೇಡ.

ಆಮೇಲೆ, ದಿನಾ ಎಳೆಯುತ್ತೀರಾ? ತಕ್ಷಣ ಉಸಿರು ಬಿಡಿಸುವ ಅಸ್ಥಾಲಿನ್ ಮಾತ್ರ ಎಳೆದು, ಸ್ಟೀರಾಯ್ಡ್ ಇರುವ ಪಂಪನ್ನು "ಅಭ್ಯಾಸ ಆಗಿಬಿಡುತ್ತೆ" ಅಂತ ಪಕ್ಕಕ್ಕಿಟ್ಟರೆ ಒಳಗಿನ ಊತ ಹಾಗೇ ಉಳಿಯುತ್ತದೆ. ಪಂಪ್‌ನಿಂದ ಎದೆಗೆ ಹೋಗುವುದು ಮೈಕ್ರೋಗ್ರಾಂ ಲೆಕ್ಕದ ಸ್ಟೀರಾಯ್ಡ್. ಅದಕ್ಕೆ ಹೆದರಿ, ಕೊನೆಗೆ ಮಿಲಿಗ್ರಾಂ ಲೆಕ್ಕದ ಮಾತ್ರೆ ನುಂಗುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಮನೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ, ಸೌದೆ ಒಲೆ, ಬೀಡಿ ಹೊಗೆ ಇದೆಯಾ? ರಾತ್ರಿ ಹುಳಿತೇಗು, ಎದೆಯುರಿ ಬರುತ್ತದಾ? ಜೋರು ಗೊರಕೆ ಇದೆಯಾ? ಬಿಪಿಗೋ ಕೈ ನಡುಕಕ್ಕೋ ಪ್ರೊಪ್ರನೊಲಾಲ್ ಕೊಟ್ಟಿದ್ದಾರಾ? ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಅಸ್ತಮಾ ಕೆರಳಿಸಬಹುದು. ಡಿಸ್ಪ್ರಿನ್, ಕಾಂಬಿಫ್ಲಾಮ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ಮೂಗು ಕಟ್ಟಿ ದಮ್ಮು ಹತ್ತಿದ್ದು ನೆನಪಿದೆಯಾ? ಇದನ್ನು ತಪ್ಪದೆ ಹೇಳಿ. ಅಸ್ತಮಾ, ಮೂಗಿನ ಪಾಲಿಪ್ (ಮೂಗೊಳಗೆ ಬೆಳೆಯುವ ಮಾಂಸ), ನೋವಿನ ಮಾತ್ರೆ ಆಗದಿರುವುದು, ಈ ಮೂರೂ ಒಬ್ಬರಲ್ಲೇ ಇದ್ದರೆ ಅದು ಬೇರೆಯದೇ ಗುಂಪು, ಚಿಕಿತ್ಸೆಯ ದಾರಿಯೂ ಸ್ವಲ್ಪ ಬೇರೆ.

ನಮ್ಮ ದೇಶದಲ್ಲಿ ಇನ್ನೊಂದು ಕಾಯಿಲೆಯನ್ನು ಕಡ್ಡಾಯವಾಗಿ ಹುಡುಕಬೇಕು, ಅದು ಎಬಿಪಿಎ. ಆಸ್ಪರ್ಜಿಲಸ್ ಅನ್ನುವ ಬೂಷ್ಟಿಗೆ ಶ್ವಾಸಕೋಶ ಅಲರ್ಜಿಯಿಂದ ಕೆರಳುವ ಕಾಯಿಲೆ ಇದು. ಕೆಮ್ಮಿದಾಗ ಕಂದು ಬಣ್ಣದ ಗಟ್ಟಿ ಕಫದ ತುಂಡು ಬರಬಹುದು. ಎಕ್ಸ್‌ರೇಯಲ್ಲಿ ಕಾಣುವ ಕಲೆ ನೋಡಿ ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದವರು ನಮ್ಮಲ್ಲಿ ಕಮ್ಮಿಯಿಲ್ಲ. ಚಂಡೀಗಢದ ಪಿಜಿಐ ಆಸ್ಪತ್ರೆ ಈ ಕಾಯಿಲೆ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದೆ. ಐಜಿಇ ಅಂದರೆ ಅಲರ್ಜಿಯಲ್ಲಿ ಏರುವ, ರಕ್ತದಲ್ಲಿರುವ ಒಂದು ಪ್ರತಿಕಾಯ. ಆಸ್ಪರ್ಜಿಲಸ್ ಐಜಿಇ ಮತ್ತು ಒಟ್ಟು ಐಜಿಇ ಎರಡೂ ಮಾಡಿಸಿ. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಎಬಿಪಿಎ ಅನ್ನಲು ಒಟ್ಟು ಐಜಿಇ 500 ಅಥವಾ ಅದಕ್ಕಿಂತ ಮೇಲೆ ಅನ್ನುವ ಗಡಿ ಇದೆ. ಎಬಿಪಿಎ ಆಗಿದ್ದರೆ ಮೊದಲ ಚಿಕಿತ್ಸೆ ಸ್ಟೀರಾಯ್ಡ್ ಅಥವಾ ಇಟ್ರಾಕೊನಜೋಲ್. ಬಯಾಲಜಿಕ್ ಮಾತು ಬರುವುದು ಆಮೇಲೆ.

ಸ್ಪೈರೋಮೆಟ್ರಿ ಅಂದರೆ ಊದುವ ಪರೀಕ್ಷೆ ಆಗಿಲ್ಲದಿದ್ದರೆ ಅದೂ ಆಗಲಿ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರಿ ಆಸ್ಪತ್ರೆ. ಬೇರೆ ಊರಿನವರು ಹತ್ತಿರದ ಮೆಡಿಕಲ್ ಕಾಲೇಜಿನ ಎದೆರೋಗ ವಿಭಾಗದಲ್ಲಿ ಕೇಳಿ.

ಹೆಜ್ಜೆ 2: ಕಳೆದ ವರ್ಷದ ಸ್ಟೀರಾಯ್ಡ್ ಲೆಕ್ಕ ಹಾಕಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ನನ್ನ ಪ್ರಕಾರ ಇದೇ ಎಲ್ಲದಕ್ಕಿಂತ ಮುಖ್ಯ. ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಕೂರಿ. ವೈಸೋಲೋನ್, ಮೆಡ್ರಾಲ್, ಡಿಫ್ಲಜಾಕಾರ್ಟ್ ಎಲ್ಲೆಲ್ಲಿದೆ, ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಬರೆದುಕೊಳ್ಳಿ. ಊರಿನ ಕ್ಲಿನಿಕ್‌ನಲ್ಲಿ ಹಾಕಿಸಿಕೊಂಡ ಡೆಕ್ಸಾ, ಬೆಟ್ನೆಸಾಲ್ ಇಂಜೆಕ್ಷನ್ ಕೂಡ ಸ್ಟೀರಾಯ್ಡೇ, ಅದನ್ನೂ ಸೇರಿಸಿ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನದಲ್ಲಿ ಆರಾಮಾಗಿದ್ದರೆ ಅದರಲ್ಲೂ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಅದನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ.

ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೋಲೋನ್ (ವೈಸೋಲೋನ್), 6 ದಿನ ಅಂದರೆ ಒಂದು ಕೋರ್ಸ್‌ಗೆ 240 ಮಿಲಿಗ್ರಾಂ. ಇಂಥ ನಾಲ್ಕು ಕೋರ್ಸ್ ಆದರೆ ಹತ್ತಿರಹತ್ತಿರ 1 ಗ್ರಾಂ. ಇಡೀ ಜೀವಮಾನದಲ್ಲಿ ಒಟ್ಟು ಅರ್ಧದಿಂದ 1 ಗ್ರಾಂ ದಾಟಿದರೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ, ಬಿಪಿ ಇವುಗಳ ಅಪಾಯ ಏರಲು ಶುರುವಾಗುತ್ತದೆ ಅಂತ 2018ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಜೀವಮಾನದಲ್ಲಿ! ಕೆಲವರು ಅಷ್ಟನ್ನು ಒಂದೇ ಮಳೆಗಾಲ, ಒಂದೇ ಚಳಿಗಾಲದಲ್ಲಿ ನುಂಗಿರುತ್ತಾರೆ. ಬಯಾಲಜಿಕ್ ದುಬಾರಿ ಅನ್ನುವುದು ನಿಜ. ಸ್ಟೀರಾಯ್ಡ್ ಮಾತ್ರೆ ಅಗ್ಗ ಅನ್ನುವುದು ಮಾತ್ರ ಸುಳ್ಳು, ಅದರ ಬಿಲ್ ಹತ್ತು ವರ್ಷ ಬಿಟ್ಟು ಬರುತ್ತದೆ. ಅಟ್ಯಾಕ್ ಆದಾಗ ಡಾಕ್ಟರ್ ಹೇಳಿದ ಕೋರ್ಸ್ ಬಿಡಿ ಅಂತ ಇದರ ಅರ್ಥ ಅಲ್ಲ. ಆಗ ಅದು ಜೀವ ಉಳಿಸುತ್ತದೆ, ನುಂಗಲೇಬೇಕು. ಮತ್ತೆ ಮತ್ತೆ ಆ ಪರಿಸ್ಥಿತಿ ಬರಬಾರದು ಅನ್ನುವುದಷ್ಟೇ ಗುರಿ.

ಹೆಜ್ಜೆ 3: ರಕ್ತದ ರಿಪೋರ್ಟ್ ಸರಿಯಾದ ಹೊತ್ತಿಗೆ ಮಾಡಿಸಿ

ಬೇಕಾಗುವುದು ಮುಖ್ಯವಾಗಿ ಎರಡು. ಒಂದು ಎಇಸಿ, ಅಂದರೆ ರಕ್ತದ ಇಯೊಸಿನೊಫಿಲ್ ಕಣಗಳ ಲೆಕ್ಕ. ಇನ್ನೊಂದು ಒಟ್ಟು ಐಜಿಇ. ಎಇಸಿ ಬೇರೆಯಾಗಿ ಬರೆದಿರದಿದ್ದರೆ ಸಿಬಿಸಿ ರಿಪೋರ್ಟಿನಿಂದ ನೀವೇ ತೆಗೆಯಬಹುದು. ಒಟ್ಟು ಬಿಳಿ ಕಣ 8,000, ಅದರಲ್ಲಿ ಇಯೊಸಿನೊಫಿಲ್ ಶೇ. 5 ಇದ್ದರೆ ಎಇಸಿ 400. ಅಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಜೀನಾ ಪ್ರಕಾರ, ದೊಡ್ಡ ಡೋಸ್ ಪಂಪ್ ಎಳೆಯುತ್ತಿದ್ದರೂ ಇದು 150 ಅಥವಾ ಅದಕ್ಕಿಂತ ಮೇಲಿದ್ದರೆ ಟೈಪ್ 2 ಊತ (ಇಯೊಸಿನೊಫಿಲ್, ಅಲರ್ಜಿ ದಾರಿಯ ಊತ) ಇನ್ನೂ ಇದೆ ಅಂತ ಯೋಚಿಸಬೇಕು. ಕೆಲವು ಆಸ್ಪತ್ರೆಗಳಲ್ಲಿ ಊದಿಸಿ, ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅಳೆಯುವ ಫೀನೋ ಅನ್ನುವ ಪರೀಕ್ಷೆ ಮಾಡುತ್ತಾರೆ, ಅದಕ್ಕೆ 20ರ ಗಡಿ. ಸಾಮಾನ್ಯವಾಗಿ ಎಇಸಿ ಜಾಸ್ತಿ ಇದ್ದಷ್ಟೂ, ಹಿಂದಿನ ವರ್ಷ ಅಟ್ಯಾಕ್ ಜಾಸ್ತಿ ಆಗಿದ್ದಷ್ಟೂ ಈ ಇಂಜೆಕ್ಷನ್‌ಗಳಿಂದ ಲಾಭ ಜಾಸ್ತಿ.

ಈಗ ಮುಖ್ಯ ಮಾತು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ರಕ್ತ ಕೊಟ್ಟರೆ ಇಯೊಸಿನೊಫಿಲ್ ಸೊನ್ನೆ ಹತ್ತಿರ ಬರಬಹುದು. ಆ ಒಂದು ರಿಪೋರ್ಟ್ ನೋಡಿ "ನಿಮಗೆ ಇದು ಆಗಿಬರಲ್ಲ" ಅಂದರೆ ಅಲ್ಲಿಗೇ ಬಿಡಬೇಡಿ. ಕೋರ್ಸ್ ಶುರುಮಾಡುವ ಮುಂಚೆ, ಇಲ್ಲವಾದರೆ ಮುಗಿದು ಒಂದೆರಡು ವಾರ ಆದ ಮೇಲೆ ಮತ್ತೆ ಮಾಡಿಸಬೇಕು. ಬೇಕಾದರೆ ಮೂರು ಸಲದವರೆಗೂ ಮಾಡಿಸಿ ಅಂತ ಜೀನಾ ಹೇಳುತ್ತದೆ. ಹಳೆಯ ಸಿಬಿಸಿ ರಿಪೋರ್ಟ್‌ಗಳನ್ನು ಎಸೆಯಬೇಡಿ ಅನ್ನುವುದು ಇದಕ್ಕೇ. ಡೆಂಗಿ ಜ್ವರಕ್ಕೆ ಅಂತ ಎಂದೋ ಮಾಡಿಸಿದ ರಿಪೋರ್ಟಿನಲ್ಲೂ ನಿಮ್ಮ ನಿಜವಾದ ಇಯೊಸಿನೊಫಿಲ್ ಎಷ್ಟು ಅನ್ನುವ ಸುಳಿವು ಸಿಗಬಹುದು.

ಇಯೊಸಿನೊಫಿಲ್ ಏರಲು ಹುಳುಗಳೂ ಕಾರಣ ಇರಬಹುದು. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಸ್ಟ್ರಾಂಜಿಲಾಯ್ಡ್ಸ್ ಅನ್ನುವ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹುಳು ಇದ್ದು ಮೇಲೆ ಸ್ಟೀರಾಯ್ಡ್ ಕೊಟ್ಟರೆ ಅಪಾಯ. ಬಯಾಲಜಿಕ್ ಶುರುಮಾಡುವ ಮುಂಚೆಯೂ ಹುಳು ಇದ್ದರೆ ಮೊದಲು ಅದಕ್ಕೆ ಔಷಧ ಕೊಡಬೇಕು. ಕರಾವಳಿ, ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗದ ಹುಳು ಇದ್ದ ಪ್ರದೇಶದವರಲ್ಲಿ ಎಇಸಿ 3,000 ದಾಟಿ, ರಾತ್ರಿ ಕೆಮ್ಮು ದಮ್ಮು ಜಾಸ್ತಿ ಇದ್ದರೆ ಅದು ಅಸ್ತಮಾ ಅಲ್ಲದೆ ಟ್ರಾಪಿಕಲ್ ಇಯೊಸಿನೊಫೀಲಿಯಾ ಇರಬಹುದು. ಅದಕ್ಕೆ ಹಳೆಯ, ಅಗ್ಗದ ಡಿಇಸಿ ಮಾತ್ರೆಯೇ ಮದ್ದು.

ಹೆಜ್ಜೆ 4: ಯಾವ ಇಂಜೆಕ್ಷನ್, ಯಾಕೆ ಅಂತ ಕೇಳಿ ತಿಳಿದುಕೊಳ್ಳಿ

ಉಸಿರಿನ ಕೊಳವೆಯ ಒಳಪದರ ಕೆರಳಿದಾಗ ಟಿಎಸ್‌ಎಲ್‌ಪಿ ಥರದ ಸಂಕೇತಗಳನ್ನು ಕಳಿಸುತ್ತದೆ. ಅಲ್ಲಿಂದ ಮುಂದೆ ಐಎಲ್-5 ಅನ್ನುವ ಇನ್ನೊಂದು ಸಂಕೇತ ಇಯೊಸಿನೊಫಿಲ್ ಕಣಗಳನ್ನು ಬೆಳೆಸುತ್ತದೆ, ಐಎಲ್-4 ಮತ್ತು ಐಎಲ್-13 ಕಫ ಮತ್ತು ಐಜಿಇ ಏರಿಸುತ್ತವೆ, ಐಜಿಇ ಅಲರ್ಜಿ ಕಣಗಳ ಮೇಲೆ ಕೂತು ಕಾಯುತ್ತದೆ. ಕೆರೆಯ ಒಂದೊಂದು ಕಾಲುವೆಗೆ ಒಂದೊಂದು ತೂಬು ಇದ್ದ ಹಾಗೆ. ಒಂದೊಂದು ಬಯಾಲಜಿಕ್ ಒಂದೊಂದು ತೂಬು ಮುಚ್ಚುತ್ತದೆ. ಸ್ಟೀರಾಯ್ಡ್ ಥರ ಇಡೀ ಮೈಗೆ ಕೈ ಹಾಕುವುದಿಲ್ಲ.

ಎಲ್ಲಕ್ಕಿಂತ ಹಳೆಯದು ಒಮಾಲಿಜುಮ್ಯಾಬ್. ಅಮೆರಿಕದಲ್ಲಿ 2003ರಲ್ಲೇ ಅಸ್ತಮಾಕ್ಕೆ ಒಪ್ಪಿಗೆ ಸಿಕ್ಕಿತು. ಇದು ಐಜಿಇಯನ್ನು ಹಿಡಿಯುತ್ತದೆ. ಧೂಳಿನ ಹುಳ, ಜಿರಳೆ, ಕಾಂಗ್ರೆಸ್ ಗಿಡದ ಪರಾಗ ಹೀಗೆ ಅಲರ್ಜಿಯಿಂದಲೇ ದಮ್ಮು ಬರುವವರಿಗೆ, ಚಿಕ್ಕಂದಿನಿಂದ ಅಸ್ತಮಾ ಇದ್ದವರಿಗೆ ಹೆಚ್ಚು ಹೊಂದುತ್ತದೆ. ಡೋಸ್ ಮೈತೂಕ ಮತ್ತು ಐಜಿಇ ನೋಡಿ ಚಾರ್ಟ್ ಪ್ರಕಾರ, 2 ಅಥವಾ 4 ವಾರಕ್ಕೊಮ್ಮೆ. ಐಜಿಇ ಸಾವಿರಗಟ್ಟಲೆ ಇದ್ದರೆ ಚಾರ್ಟಿನ ಹೊರಗೆ ಹೋಗುತ್ತದೆ, ಆಗ ಬೇರೆ ಯೋಚನೆ ಮಾಡಬೇಕು. ಬಸುರಿಯರ ವಿಷಯದಲ್ಲಿ ಜಾಸ್ತಿ ಅನುಭವ ಇರುವುದೂ ಇದರ ಬಗ್ಗೆಯೇ.

ಮೆಪೋಲಿಜುಮ್ಯಾಬ್ ಐಎಲ್-5 ತಡೆಯುತ್ತದೆ. ಅಸ್ತಮಾಕ್ಕೆ ದೊಡ್ಡವರಿಗೆ 100 ಮಿಲಿಗ್ರಾಂ, 4 ವಾರಕ್ಕೊಮ್ಮೆ. ಬೆನ್ರಲಿಜುಮ್ಯಾಬ್ ಇಯೊಸಿನೊಫಿಲ್ ಕಣವನ್ನೇ ನೇರವಾಗಿ ಇಲ್ಲವಾಗಿಸುತ್ತದೆ. 30 ಮಿಲಿಗ್ರಾಂ, ಮೊದಲ ಮೂರು ಡೋಸ್ 4 ವಾರಕ್ಕೊಮ್ಮೆ, ಆಮೇಲೆ 8 ವಾರಕ್ಕೊಮ್ಮೆ. ದೂರದ ಊರಿನಿಂದ ಬರುವವರಿಗೆ ಆ ಅಂತರ ದೊಡ್ಡ ಅನುಕೂಲ. ದೊಡ್ಡವರಾದ ಮೇಲೆ ಶುರುವಾದ ಅಸ್ತಮಾ, ಇಯೊಸಿನೊಫಿಲ್ ಜಾಸ್ತಿ, ಅಲರ್ಜಿ ಅಷ್ಟೇನಿಲ್ಲ ಅನ್ನುವವರಿಗೆ ಈ ಎರಡರ ಮಾತು ಬರುತ್ತದೆ.

ಡ್ಯುಪಿಲುಮ್ಯಾಬ್ ಐಎಲ್-4, ಐಎಲ್-13 ಎರಡನ್ನೂ ತಡೆಯುತ್ತದೆ. ಸಾಮಾನ್ಯವಾಗಿ 2 ವಾರಕ್ಕೊಮ್ಮೆ. ಅಸ್ತಮಾ ಜೊತೆಗೆ ಚರ್ಮದ ಎಕ್ಜಿಮಾ ಅಥವಾ ಮೂಗಿನ ಪಾಲಿಪ್ ಇದ್ದರೆ ಒಂದೇ ಔಷಧದಲ್ಲಿ ಎರಡು ಕೆಲಸ ಆಗುತ್ತದೆ. ಟೆಜೆಪೆಲುಮ್ಯಾಬ್ ಎಲ್ಲಕ್ಕೂ ಮೇಲಿನ ಟಿಎಸ್‌ಎಲ್‌ಪಿಯನ್ನೇ ಹಿಡಿಯುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಂತು, 4 ವಾರಕ್ಕೊಮ್ಮೆ 210 ಮಿಲಿಗ್ರಾಂ. ಇಯೊಸಿನೊಫಿಲ್ ಕಮ್ಮಿ ಇದ್ದವರಿಗೂ ಇದು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ.

ಮೂಗಿನ ಪಾಲಿಪ್ ಇರುವವರಿಗೆ ಎರಡು ಮಾತು. "ಮೂಗಲ್ಲಿ ಮಾಂಸ ಬೆಳೆದಿದೆ" ಅಂತ ಆಪರೇಷನ್ ಆಗುತ್ತದೆ, ವರ್ಷ ತುಂಬುವುದರೊಳಗೆ ಮತ್ತೆ ಬೆಳೆಯುತ್ತದೆ, ಮತ್ತೆ ಆಪರೇಷನ್. ಈ ಸುತ್ತಿನಲ್ಲಿ ಸಿಕ್ಕಿದವರಿಗೆ ಬಯಾಲಜಿಕ್ ನಿಜಕ್ಕೂ ದೊಡ್ಡ ಬದಲಾವಣೆ ತಂದಿದೆ. ಯುರೋಪಿನ 2020ರ ಎಪೋಸ್ ಮಾರ್ಗಸೂಚಿ ಪ್ರಕಾರ ಎರಡೂ ಮೂಗಿನಲ್ಲಿ ಪಾಲಿಪ್ ಇದ್ದು, ಸೈನಸ್ ಆಪರೇಷನ್ ಒಮ್ಮೆ ಆಗಿದ್ದು, ಇವುಗಳಲ್ಲಿ ಮೂರಾದರೂ ಇರಬೇಕು: ಟೈಪ್ 2 ಊತದ ಗುರುತು, ವರ್ಷಕ್ಕೆ ಎರಡು ಅಥವಾ ಹೆಚ್ಚು ಸ್ಟೀರಾಯ್ಡ್ ಕೋರ್ಸ್, ದಿನನಿತ್ಯದ ಬದುಕಿಗೆ ತುಂಬಾ ತೊಂದರೆ, ವಾಸನೆ ಹೋಗಿರುವುದು, ಜೊತೆಗೆ ಅಸ್ತಮಾ. ವಾಸನೆ ಹೋಗಿರುವುದನ್ನು ಸಣ್ಣ ವಿಷಯ ಅಂತ ಡಾಕ್ಟರ್‌ಗೆ ಹೇಳದೆ ಬಿಡಬೇಡಿ. ಗ್ಯಾಸ್ ಲೀಕ್ ಆದರೆ ಗೊತ್ತಾಗುವುದಿಲ್ಲ, ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ, ಊಟ ಸೇರುವುದಿಲ್ಲ. ಡ್ಯುಪಿಲುಮ್ಯಾಬ್ ಪಾಲಿಪ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರ ಅಧ್ಯಯನಗಳಲ್ಲಿ ತುಂಬಾ ಜನರಿಗೆ ವಾಸನೆ ಮರಳಿತ್ತು.

ಸಿಒಪಿಡಿಗೆ, ಅಂದರೆ ಹೆಚ್ಚಾಗಿ ಹೊಗೆಯಿಂದ ಬರುವ ದೀರ್ಘಕಾಲದ ದಮ್ಮಿನ ಕಾಯಿಲೆಗೆ, ಬಯಾಲಜಿಕ್ ಇನ್ನೂ ಹೊಸದು. ಮೂರು ಔಷಧ ಸೇರಿದ ಪಂಪ್ ಎಳೆಯುತ್ತಿದ್ದರೂ ಅಟ್ಯಾಕ್ ಆಗುತ್ತಿದ್ದು, ಎಇಸಿ 300 ಅಥವಾ ಮೇಲಿದ್ದ ರೋಗಿಗಳಲ್ಲಿ ಡ್ಯುಪಿಲುಮ್ಯಾಬ್ ಅಟ್ಯಾಕನ್ನು ಸುಮಾರು ಮೂರನೇ ಒಂದರಷ್ಟು ಕಮ್ಮಿ ಮಾಡಿತು. 2024ರಲ್ಲಿ ಅಮೆರಿಕ ಒಪ್ಪಿತು. ಎಲ್ಲ ಸಿಒಪಿಡಿ ರೋಗಿಗಳಿಗೂ ಇದಲ್ಲ.

ಹೆಜ್ಜೆ 5: ದುಡ್ಡಿನ ಮಾತು ಮೊದಲೇ ಆಡಿ

ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ. ಎರಡು ಡೋಸ್ ಹಾಕಿಸಿ ಕೈ ಖಾಲಿಯಾಗಿ ನಿಲ್ಲಿಸಿದರೆ ಆ ದುಡ್ಡು ಹೋಯಿತು ಅಂತಲೇ ಲೆಕ್ಕ. ಕನಿಷ್ಠ 4ರಿಂದ 6 ತಿಂಗಳಿಗೆ ಹೊಂದಿಸಿಕೊಂಡು ಶುರುಮಾಡಿ. ಫಲ ಕೊಟ್ಟರೆ ವರ್ಷಗಟ್ಟಲೆ ಮುಂದುವರಿಸಬೇಕಾಗುತ್ತದೆ ಅನ್ನುವುದೂ ಗೊತ್ತಿರಲಿ, ಯಾಕೆಂದರೆ ಇದು ಕಾಯಿಲೆಯನ್ನು ಹತೋಟಿಯಲ್ಲಿ ಇಡುತ್ತದೆ, ಬುಡಸಮೇತ ಕೀಳುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಮೆಪೋಲಿಜುಮ್ಯಾಬ್ ಮೇಲೆ ಜಿಎಸ್‌ಟಿ ಸೊನ್ನೆ. ಬಿಲ್ಲಿನಲ್ಲಿ ನೋಡಿಕೊಳ್ಳಿ. ಔಷಧ ಕಂಪನಿಗಳ ಪೇಶಂಟ್ ಸಪೋರ್ಟ್ ಪ್ರೋಗ್ರಾಂ ಇದೆಯಾ ಅಂತ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ, ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಹೆಲ್ತ್ ಇನ್ಶೂರೆನ್ಸ್ ಇರುವವರಿಗೆ ಒಂದು ಮುಖ್ಯ ವಿಷಯ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಆಧುನಿಕ ಚಿಕಿತ್ಸೆಗಳ ಒಂದು ಪಟ್ಟಿ ಹೊರಡಿಸಿತು, ಇವನ್ನು ಪಾಲಿಸಿಯಿಂದ ಹೊರಗಿಡಬಾರದು ಅಂತ. ಇಂಜೆಕ್ಷನ್ ಮೂಲಕ ಕೊಡುವ ಮೊನೊಕ್ಲೋನಲ್ ಆಂಟಿಬಾಡಿ ಆ ಪಟ್ಟಿಯಲ್ಲಿದೆ. ಈ ಎಲ್ಲ ಔಷಧಗಳೂ ಅದೇ ಜಾತಿಯವು. ಆದರೆ ಕಂಪನಿಗಳು ಇದಕ್ಕೆ ಮಿತಿ ಹಾಕಬಹುದು, ಹಾಗಾಗಿ ಪಾಲಿಸಿ ಪುಸ್ತಕದಲ್ಲಿ ಆ ಭಾಗ ಓದಿ. ಡೇ ಕೇರ್ ಅಡ್ಮಿಷನ್ ಅಂತ ಮೊದಲೇ ಒಪ್ಪಿಗೆ ಕೇಳಿ. ಡಾಕ್ಟರ್ ಪತ್ರದಲ್ಲಿ ಕಳೆದ ವರ್ಷದ ಅಟ್ಯಾಕ್ ಎಷ್ಟು, ಸ್ಟೀರಾಯ್ಡ್ ಎಷ್ಟು ಮಿಲಿಗ್ರಾಂ, ಎಇಸಿ ಎಷ್ಟು, ಯಾವ ಪಂಪ್ ಎಷ್ಟು ದಿನದಿಂದ ಅಂತ ಎಲ್ಲ ಇರಲಿ. ಹೆಜ್ಜೆ 2ರ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. "ಓಪಿಡಿಯಲ್ಲಿ ಆಗುವ ಚಿಕಿತ್ಸೆ, ಕೊಡಲ್ಲ" ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಇದೆ, ದೂರು ಕೊಡಲು ಶುಲ್ಕ ಇಲ್ಲ. ಇಎಸ್ಐ, ಸಿಜಿಎಚ್‌ಎಸ್, ಸರ್ಕಾರಿ ನೌಕರರ ಯೋಜನೆ ಇರುವವರು ಅಲ್ಲಿ ಮೊದಲು ವಿಚಾರಿಸಿ.

ಖರೀದಿಸಲು ಆಗುವುದೇ ಇಲ್ಲ ಅನ್ನುವ ಮನೆಗಳೇ ಜಾಸ್ತಿ, ಅದು ನನಗೆ ಗೊತ್ತು. ಅವರಿಗೆ ಬೇರೆ ದಾರಿಯೇ ಇಲ್ಲ ಅಂತಲ್ಲ. ಉಸಿರಿನ ಕೊಳವೆ ಹಿಗ್ಗಿಸುವ ಟಯೊಟ್ರೋಪಿಯಂ ಪಂಪ್ ಸೇರಿಸುವುದು, ವಾರಕ್ಕೆ ಮೂರು ದಿನ ಅಜಿತ್ರೋಮೈಸಿನ್ ಕೊಡುವುದು ಜೀನಾದಲ್ಲೇ ಇದೆ. ಅಜಿತ್ರೋಮೈಸಿನ್‌ಗೆ ಮುಂಚೆ ಇಸಿಜಿ ಮತ್ತು ಕಫ ಪರೀಕ್ಷೆ ಆಗಬೇಕು, ನಾವೇ ಅಂಗಡಿಯಲ್ಲಿ ತೆಗೆದುಕೊಂಡು ನುಂಗುವ ಔಷಧ ಅಲ್ಲ. ಪಾಲಿಪ್‌ಗೆ ಚೆನ್ನಾಗಿ ಮಾಡಿದ ಸೈನಸ್ ಆಪರೇಷನ್ ಜೊತೆ ದಿನಾ ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತ ತುಂಬಾ ಜನರಿಗೆ ಸಾಕಾಗುತ್ತದೆ.

ಹೆಜ್ಜೆ 6: ಶುರುವಿನ ಅಳತೆ ಬರೆದಿಡಿ

ಇಂಜೆಕ್ಷನ್‌ಗೂ ಮುಂಚಿನ ವಾರ ಒಂದು ಹಾಳೆಯಲ್ಲಿ ಬರೆಯಿರಿ: ಎಸಿಟಿ ಸ್ಕೋರ್, ಎಫ್‌ಇವಿ1 (ಊದುವ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಅಳತೆ), ಕಳೆದ ವರ್ಷದ ಅಟ್ಯಾಕ್, ಸ್ಟೀರಾಯ್ಡ್ ಮೊತ್ತ, ರಾತ್ರಿ ಎಷ್ಟು ಸಲ ಏಳುತ್ತೀರಿ, ಎಷ್ಟು ಮೆಟ್ಟಿಲಿಗೆ ನಿಲ್ಲುತ್ತೀರಿ. ಎಸಿಟಿ ಐದೇ ಪ್ರಶ್ನೆಯ ಪರೀಕ್ಷೆ, 25 ಪೂರ್ಣ ಅಂಕ, 20 ಮತ್ತು ಮೇಲಿದ್ದರೆ ಹತೋಟಿಯಲ್ಲಿದೆ ಅಂತ. 3 ಅಂಕ ಏರಿದರೆ ಅದು ನಿಜವಾದ ಬದಲಾವಣೆ. ಈ ಹಾಳೆ ಇಲ್ಲದಿದ್ದರೆ ಆರು ತಿಂಗಳಾದ ಮೇಲೆ "ಪರವಾಗಿಲ್ಲ ಅನ್ಸುತ್ತೆ" ಅಂತ ಹೇಳಬೇಕಾಗುತ್ತದೆ. ಅಷ್ಟು ದುಡ್ಡಿನ ಔಷಧಕ್ಕೆ ಆ ಉತ್ತರ ಸಾಲದು, ಅಲ್ವಾ?

ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬಾಕಿ ಇದ್ದರೆ ಕೇಳಿ ಹಾಕಿಸಿಕೊಳ್ಳಿ. ಬಯಾಲಜಿಕ್ ಮತ್ತು ಲಸಿಕೆಯನ್ನು ಒಂದೇ ದಿನ ಬೇಡ ಅನ್ನುತ್ತಾರೆ. ಡ್ಯುಪಿಲುಮ್ಯಾಬ್ ಮೇಲಿರುವಾಗ ಜೀವಂತ ಲಸಿಕೆ ಹಾಕುವುದಿಲ್ಲ.

ಹೆಜ್ಜೆ 7: ಡೋಸ್ ದಿನ, ಫ್ರಿಜ್, ಪ್ರಯಾಣ

ಮೊದಲ ಡೋಸ್‌ಗಳು ಆಸ್ಪತ್ರೆಯಲ್ಲೇ ಆಗಲಿ. ಹಾಕಿದ ತಕ್ಷಣ ಎದ್ದು ಬಸ್ ಹಿಡಿಯಬೇಡಿ. ಒಮಾಲಿಜುಮ್ಯಾಬ್‌ಗೆ ಮೊದಲ ಮೂರು ಸಲ 2 ಗಂಟೆ, ಆಮೇಲೆ ಅರ್ಧ ಗಂಟೆ ಕೂರಿಸಬೇಕು ಅಂತ ಅಮೆರಿಕದ ಅಲರ್ಜಿ ತಜ್ಞರ ಸಲಹೆ ಇದೆ. ತೀವ್ರ ಅಲರ್ಜಿ ಅಪರೂಪ. ಆದರೂ ಮೈಯೆಲ್ಲ ಗಂಧೆ, ತುಟಿ ನಾಲಿಗೆ ಊತ, ತಲೆಸುತ್ತು, ಉಸಿರು ಕಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ, ಮನೆಯಲ್ಲಿದ್ದರೆ 108ಕ್ಕೆ. ಚುಚ್ಚಿದ ಜಾಗ ಕೆಂಪಾಗುವುದು, ತಲೆನೋವು ಸಾಮಾನ್ಯ. ಡ್ಯುಪಿಲುಮ್ಯಾಬ್‌ನಲ್ಲಿ ಕಣ್ಣು ಕೆಂಪಾಗಿ ಕೆರೆತ ಬರಬಹುದು, ಎಕ್ಜಿಮಾ ಇರುವವರಿಗೆ ಜಾಸ್ತಿ.

ಔಷಧ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರ್‌ನಲ್ಲಿ ಬೇಡ, ಫ್ರೀಜರ್‌ಗೆ ತಾಗಿದ ತಟ್ಟೆಯಲ್ಲೂ ಬೇಡ, ಬಾಗಿಲಲ್ಲೂ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಬಳಸುವಂತಿಲ್ಲ. ಮೆಪೋಲಿಜುಮ್ಯಾಬ್ ಪೆನ್ ಪೆಟ್ಟಿಗೆ ಸಮೇತ 30 ಡಿಗ್ರಿ ಒಳಗೆ 7 ದಿನ, ಡ್ಯುಪಿಲುಮ್ಯಾಬ್ ಮತ್ತು ಬೆನ್ರಲಿಜುಮ್ಯಾಬ್ 25 ಡಿಗ್ರಿ ಒಳಗೆ 14 ದಿನ ತಡೆಯುತ್ತವೆ. ಇದನ್ನು ಓದಿ ರಾಯಚೂರಿನ ಏಪ್ರಿಲ್‌ನಲ್ಲಿ ಮೇಜಿನ ಮೇಲೆ ಇಟ್ಟರೆ ಆಗದು, ಅಲ್ಲಿ ಮನೆಯೊಳಗೇ 35 ಡಿಗ್ರಿ ದಾಟುತ್ತದೆ. ಕರೆಂಟ್ ತುಂಬಾ ಹೋಗುವ ಊರಾದರೆ ಔಷಧವನ್ನು ಆಸ್ಪತ್ರೆ ಫಾರ್ಮಸಿಯಲ್ಲೇ ಇರಿಸಿ ಅಂತ ಕೇಳಿ. ಬಸ್ಸಲ್ಲಿ ತರುವಾಗ ಐಸ್ ಪ್ಯಾಕ್‌ಗೆ ಬಟ್ಟೆ ಸುತ್ತಿ, ಔಷಧದ ಪೆಟ್ಟಿಗೆಗೆ ನೇರವಾಗಿ ತಾಗದ ಹಾಗೆ ಇಡಿ.

ಹಾಕುವ ಮುಂಚೆ ಅರ್ಧ ಗಂಟೆ, 300 ಮಿಲಿಗ್ರಾಂ ಡ್ಯುಪಿಲುಮ್ಯಾಬ್ ಆದರೆ 45 ನಿಮಿಷ, ಹೊರಗೆ ಇಡಿ. ಬಿಸಿನೀರಲ್ಲಿ ಮುಳುಗಿಸಬೇಡಿ, ಅಲ್ಲಾಡಿಸಬೇಡಿ. ಹೊಕ್ಕಳಿನಿಂದ ಮೂರು ಬೆರಳು ದೂರ ಹೊಟ್ಟೆಗೆ, ಇಲ್ಲವೇ ತೊಡೆಗೆ. ಪ್ರತಿ ಸಲ ಜಾಗ ಬದಲಿಸಿ.

ಹೆಜ್ಜೆ 8: ನಾಲ್ಕು ತಿಂಗಳಿಗೆ ಕೂತು ನೋಡಿ

ಡಾಕ್ಟರ್ ಜೊತೆ ಮೊದಲೇ ದಿನಾಂಕ ಗೊತ್ತುಮಾಡಿಕೊಳ್ಳಿ. ಕನಿಷ್ಠ 4 ತಿಂಗಳಾದ ಮೇಲೆ ಹೆಜ್ಜೆ 6ರ ಹಾಳೆ ಪಕ್ಕ ಹೊಸ ಹಾಳೆ ಇಟ್ಟು ನೋಡಿ. ಚೆನ್ನಾಗಿದ್ದರೆ ಮುಂದುವರಿಸಿ. ಗೊತ್ತಾಗುತ್ತಿಲ್ಲ ಅಂದರೆ 6ರಿಂದ 12 ತಿಂಗಳವರೆಗೆ ಕೊಟ್ಟು ನೋಡಬಹುದು. ಏನೂ ಆಗಿಲ್ಲ ಅಂದರೆ ನಿಲ್ಲಿಸಿ, ಬೇರೆ ಬಯಾಲಜಿಕ್‌ಗೆ ಬದಲಾಯಿಸುವ ಮಾತಾಡಿ. ಒಂದು ಫಲಿಸದಿದ್ದರೆ ಇನ್ನೊಂದು ಫಲಿಸಬಹುದು.

ಇಲ್ಲಿ ರಕ್ತದ ರಿಪೋರ್ಟ್ ನೋಡಿ ಖುಷಿಯೋ ಗಾಬರಿಯೋ ಪಡಬೇಡಿ. ಒಮಾಲಿಜುಮ್ಯಾಬ್ ಮೇಲೆ ಒಟ್ಟು ಐಜಿಇ ಏರುತ್ತದೆ, ಅದು ಔಷಧದಿಂದಲೇ. ಬೆನ್ರಲಿಜುಮ್ಯಾಬ್ ಮೇಲೆ ಇಯೊಸಿನೊಫಿಲ್ ಎಲ್ಲರಲ್ಲೂ ಸೊನ್ನೆ ಹತ್ತಿರ ಹೋಗುತ್ತದೆ, ಗುಣ ಕಾಣದವರಲ್ಲೂ. ಡ್ಯುಪಿಲುಮ್ಯಾಬ್ ಮೇಲೆ ಕೆಲವರಲ್ಲಿ ಏರಬಹುದು, ತುಂಬಾ ಏರಿದರೆ ಡಾಕ್ಟರ್ ನೋಡಬೇಕು. ಎಷ್ಟು ಅಟ್ಯಾಕ್, ಎಷ್ಟು ಸ್ಟೀರಾಯ್ಡ್, ನಿದ್ದೆ ಹೇಗಿದೆ, ಅಳೆಯಬೇಕಾದ್ದು ಅದನ್ನು.

ಪಂಪ್ ಮಾತ್ರ ಬಿಡಬೇಡಿ. ಆರಾಮಾಗಿದೆ ಅಂತ ಮೊದಲು ಬಿಡುವುದೇ ಅದನ್ನು. ಕಮ್ಮಿ ಮಾಡಬಹುದು, ಅದೂ ಕೊನೆಗೆ, ಡಾಕ್ಟರ್ ಹೇಳಿದ ಮೇಲೆ.

ಹೆಜ್ಜೆ 9: ಸ್ಟೀರಾಯ್ಡ್ ಮಾತ್ರೆಯನ್ನು ನಿಧಾನವಾಗಿ ಇಳಿಸಿ

ದಿನಾ ಮಾತ್ರೆ ನುಂಗುತ್ತಿದ್ದವರಿಗೆ ಇದೇ ದೊಡ್ಡ ಗೆಲುವು. 2017ರ ಜೋಂಡಾ ಅಧ್ಯಯನದಲ್ಲಿ ಬೆನ್ರಲಿಜುಮ್ಯಾಬ್ ಪಡೆದವರ ಮಾತ್ರೆ ಡೋಸ್ ನಡುಮಟ್ಟದಲ್ಲಿ ಶೇ. 75ರಷ್ಟು ಇಳಿಯಿತು, ಬರೀ ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ. 25ರಷ್ಟು. ಆದರೆ ಒಮ್ಮೆಲೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ಮೈಯ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ತಟ್ಟನೆ ಬಿಟ್ಟರೆ ಸುಸ್ತು, ವಾಂತಿ, ಬಿಪಿ ಕುಸಿತ, ಜೀವಕ್ಕೇ ಅಪಾಯ. ಕೊನೆಯ ಕೆಲವು ಮಿಲಿಗ್ರಾಂ ಇಳಿಸುವಾಗ ಬೆಳಗಿನ ಕಾರ್ಟಿಸಾಲ್ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಮಾಡಿಸದಿದ್ದರೆ ನೀವೇ ಕೇಳಿ.

ಮಾತ್ರೆ ಇಳಿಸುವಾಗ ಕೈಕಾಲು ಜೋಮು ಹಿಡಿಯುವುದು, ಪಾದ ಎತ್ತಲು ಆಗದಿರುವುದು, ಚರ್ಮದ ಮೇಲೆ ನೇರಳೆ ಚುಕ್ಕೆ ಕಂಡರೆ ಅದೇ ವಾರ ಡಾಕ್ಟರ್‌ಗೆ ತೋರಿಸಿ. ಇಜಿಪಿಎ ಅನ್ನುವ ರಕ್ತನಾಳದ ಕಾಯಿಲೆ ಅಲ್ಲಿಯವರೆಗೆ ಸ್ಟೀರಾಯ್ಡ್ ಕೆಳಗೆ ಅಡಗಿರಬಹುದು.

ಇಳಿಸುವ ತಿಂಗಳುಗಳಲ್ಲಿ, ನಿಲ್ಲಿಸಿದ ಮೇಲೂ ಕೆಲವು ತಿಂಗಳು, ಒಂದು ಚೀಟಿ ಪರ್ಸಿನಲ್ಲಿ ಇರಲಿ. ಅದರಲ್ಲಿ ನಿಮ್ಮ ಹೆಸರು, ಯಾವ ಬಯಾಲಜಿಕ್, ಕೊನೆಯ ಡೋಸ್ ಯಾವತ್ತು, ಸ್ಟೀರಾಯ್ಡ್ ಎಷ್ಟು ಕಾಲ ನುಂಗಿದ್ದಿರಿ, ಡಾಕ್ಟರ್ ಫೋನ್ ನಂಬರ್ ಬರೆದಿಡಿ. ಜ್ವರ, ಅಪಘಾತ, ಆಪರೇಷನ್ ಏನೇ ಆದರೂ ನೋಡುವ ಡಾಕ್ಟರ್‌ಗೆ ಅದನ್ನು ಮೊದಲು ತೋರಿಸಬೇಕು, ಆ ಹೊತ್ತಿಗೆ ನಿಮಗೆ ಹೆಚ್ಚುವರಿ ಸ್ಟೀರಾಯ್ಡ್ ಬೇಕಾಗಬಹುದು. ಮನೆಯವರ ಮೊಬೈಲ್‌ನಲ್ಲೂ ಅದರ ಒಂದು ಫೋಟೋ ಇಡಿ.